ಬೆನ್ನ ಮೇಲೆ ಗಡ್ಡೆ ಇರುವ ಡಾಲ್ಫಿನ್: ಕಾಯಿಲೆನಾ, ಜಾತಿಯೇ ಹೀಗಾ?

ಬಯಲುಸೀಮೆ ಬಾಬು:

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋಗಿದ್ದೆವು. ಓಂ ಬೀಚ್ ಹತ್ತಿರ ಡಾಲ್ಫಿನ್ ತೋರಿಸುವ ದೋಣಿ ಹತ್ತಿದೆವು. ಮಗಳು ಟಿವಿಯಲ್ಲಿ ನೋಡಿದ ಹಾಗೆ ಅದು ನೀರಿಂದ ಮೇಲೆ ಹಾರಿ ಪಲ್ಟಿ ಹೊಡೆಯುತ್ತದೆ ಅಂತ ಕಾದಿದ್ದೇ ಕಾದಿದ್ದು. ಹಾರಲೇ ಇಲ್ಲ ರೀ. ಬೂದು ಬೆನ್ನು ಮೇಲೆ ಬಂತು, ಒಳಗೆ ಹೋಯಿತು. ಇನ್ನೆಲ್ಲೋ ಬಂತು, ಮತ್ತೆ ಹೋಯಿತು. ದೋಣಿಯವನು ಎಂಜಿನ್ ಜೋರು ಮಾಡಿ ಅದು ಕಂಡ ಕಡೆಗೆಲ್ಲ ಓಡಿಸಿದ, ಅವನ ಜೊತೆಗೆ ಇನ್ನೂ ನಾಲ್ಕೈದು ದೋಣಿ. ಹತ್ತಿರ ಹೋದಷ್ಟೂ ಅದು ದೂರ.

ಈಗ ವಿಷಯಕ್ಕೆ ಬರುತ್ತೇನೆ. ಒಂದೇ ಒಂದು ಫೋಟೋ ಸರಿಯಾಗಿ ಬಂದಿದೆ. ದೊಡ್ಡದು ಮಾಡಿ ನೋಡಿದರೆ ಬೆನ್ನ ನಡುವೆ ಉದ್ದಕ್ಕೆ ಒಂದು ಗಡ್ಡೆ ಇದೆ, ಅದರ ತುದಿಗೆ ಚಿಕ್ಕ ತ್ರಿಕೋನದ ಈಜುರೆಕ್ಕೆ. ರೆಕ್ಕೆಯ ಹಿಂದಿನ ಅಂಚು ಒಂದು ಕಡೆ ಹರಿದ ಹಾಗಿದೆ. ದೋಣಿಯವನು ‘ಬಾಟಲ್‌ನೋಸ್’ ಅಂದ. ನಮ್ಮ ಗೆಳೆಯನೊಬ್ಬ ಇದು ಸಮುದ್ರದ ಕೊಳಕಿನಿಂದ ಬಂದ ಗಡ್ಡೆ ಅಂದ. ನನ್ನ ಭಾಮೈದ ಇದು ತಿಮಿಂಗಿಲದ ಮರಿ ಅಂತ ಹಟ ಹಿಡಿದು ಕೂತಿದ್ದಾನೆ. ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಹೇಳಿ. ಯಾಕೆ ಹಾರಲಿಲ್ಲ, ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ, ಅದನ್ನೂ ಹೇಳಿದರೆ ಮಗಳಿಗೆ ಓದಿ ಹೇಳುತ್ತೇನೆ.

ಉಪ್ಪುನೀರು:

ಗಾಬರಿ ಬೇಡ ಸರ್, ಅದು ಗಡ್ಡೆ ಅಲ್ಲ. ಆ ಜಾತಿ ಇರುವುದೇ ಹಾಗೆ. ನೀವು ನೋಡಿದ್ದು ಹಂಪ್‌ಬ್ಯಾಕ್ ಡಾಲ್ಫಿನ್, ಪೂರ್ತಿ ಹೆಸರು ಇಂಡಿಯನ್ ಓಷನ್ ಹಂಪ್‌ಬ್ಯಾಕ್ ಡಾಲ್ಫಿನ್, ವಿಜ್ಞಾನದ ಹೆಸರು ಸೂಸಾ ಪ್ಲಂಬಿಯಾ. ಎತ್ತಿನ ಹೆಗಲ ಮೇಲಿನ ಡುಬ್ಬ ನೋಡಿದ್ದೀರಲ್ವಾ, ಇದಕ್ಕೆ ಅದು ಬೆನ್ನ ನಡುವೆ ಇದೆ ಅಂದುಕೊಳ್ಳಿ. ಮರಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ವಯಸ್ಸಾದಂತೆ ಬೆಳೆಯುತ್ತದೆ, ಗಂಡಿನಲ್ಲಿ ಜಾಸ್ತಿ. ನಿಮ್ಮ ಫೋಟೋದಲ್ಲಿ ಅಷ್ಟು ಉದ್ದ ಕಾಣುತ್ತಿದೆ ಎಂದರೆ ಅದು ಬೆಳೆದ ಪ್ರಾಣಿಯೇ, ಮರಿಯಂತೂ ಅಲ್ಲ.

ಕರ್ನಾಟಕ, ಗೋವಾ, ಸಿಂಧುದುರ್ಗದ ದಂಡೆಯಲ್ಲಿ ನಿಂತು ಕಾಣುವ ಡಾಲ್ಫಿನ್‌ಗಳಲ್ಲಿ ಹೆಚ್ಚಿನವು ಇವೇ. ಕಾರಣ ಸರಳ. ಇವು ಆಳಕ್ಕೆ ಹೋಗುವುದಿಲ್ಲ. 25 ಮೀಟರ್‌ಗಿಂತ ಕಡಿಮೆ ಆಳದ ನೀರು, ದಂಡೆಯಿಂದ ಕೆಲವೇ ಕಿಲೋಮೀಟರ್ ದೂರ, ಅಳಿವೆ ಬಾಯಿ, ಕೊಲ್ಲಿ, ಬಂಡೆಗಳ ಸುತ್ತ, ಇಷ್ಟೇ ಇವುಗಳ ಜಗತ್ತು. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ, ದೇವಬಾಗ, ಕೂರ್ಮಗಡ ದ್ವೀಪದ ಸುತ್ತ ಇವು ಕಾಣುತ್ತಲೇ ಇರುತ್ತವೆ. ದಕ್ಷಿಣ ಆಫ್ರಿಕಾದಿಂದ ಹಿಡಿದು ಪೂರ್ವ ಆಫ್ರಿಕಾ, ಅರಬ್ ದೇಶಗಳು, ನಮ್ಮ ಪಶ್ಚಿಮ ಕರಾವಳಿ, ಅಲ್ಲಿಂದ ಬಂಗಾಳ ಕೊಲ್ಲಿಯವರೆಗೆ ಇದೇ ತರ ದಂಡೆ ಹಿಡಿದೇ ಹಬ್ಬಿವೆ.

ಬಾಟಲ್‌ನೋಸ್ ಅಲ್ಲ ಎಂದು ಹೇಗೆ ಹೇಳುವುದು? ಬಾಟಲ್‌ನೋಸ್‌ನ ಮೂತಿ ಗಿಡ್ಡ, ದಪ್ಪ. ಬೆನ್ನಿನ ರೆಕ್ಕೆ ಎತ್ತರ, ಹಿಂದಕ್ಕೆ ಬಾಗಿದ ಕುಡುಗೋಲಿನ ಆಕಾರ, ಕೆಳಗೆ ಡುಬ್ಬ ಇಲ್ಲ. ಹಂಪ್‌ಬ್ಯಾಕ್‌ನ ಮೂತಿ ಉದ್ದ, ತೆಳ್ಳಗೆ. ಉಸಿರಿಗೆ ಮೇಲೆ ಬರುವಾಗ ಮೊದಲು ಮೂತಿ ಓರೆಯಾಗಿ ನೀರಿಂದ ಹೊರಗೆ ಬರುತ್ತದೆ, ಆಮೇಲೆ ತಲೆ, ಆಮೇಲೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಡುಬ್ಬ ಕಾಣುತ್ತದೆ, ಆಳಕ್ಕೆ ಮುಳುಗುವುದಿದ್ದರೆ ಕೊನೆಗೆ ಬಾಲ. ಬಾಲ ಅಡ್ಡಕ್ಕೆ ಚಪ್ಪಟೆಯಾಗಿರುತ್ತದೆ, ಮೀನಿನ ಬಾಲದ ಹಾಗೆ ನಿಂತಿರುವುದಿಲ್ಲ. ಮೀನು ಅಲ್ಲ, ಸಸ್ತನಿ ಅಲ್ವಾ. ಬಿಸಿ ರಕ್ತ, ಶ್ವಾಸಕೋಶ, ಮರಿಗೆ ಹಾಲು.

ನಿಮ್ಮ ಭಾಮೈದ ಪೂರ್ತಿ ತಪ್ಪಲ್ಲ ಬಿಡಿ, ಡಾಲ್ಫಿನ್‌ಗಳು ಹಲ್ಲಿರುವ ತಿಮಿಂಗಿಲಗಳ ಗುಂಪಿಗೇ ಸೇರುತ್ತವೆ. ಆದರೆ ಹಂಪ್‌ಬ್ಯಾಕ್ ತಿಮಿಂಗಿಲ ಬೇರೆ, ಅದು ಬಸ್ಸಿಗಿಂತ ಉದ್ದ. ಇದು ಹೆಚ್ಚೆಂದರೆ ಎರಡೂವರೆ ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ದೊಡ್ಡ ಗಂಡು ಇನ್ನೂರೈವತ್ತು ಕಿಲೋ ಆಸುಪಾಸು ತೂಗುತ್ತದೆ.

ಹಾರಲಿಲ್ಲ ಅಂದಿರಿ. ಇವು ಹಾರುವುದೇ ಇಲ್ಲ ಅಂತಲ್ಲ, ಒಂದೊಂದು ಸಲ ಹಾರುತ್ತವೆ, ಜೊತೆಗಿದ್ದಾಗ ಒಂದರ ಮೇಲೊಂದು ಉರುಳುತ್ತವೆ. ಆದರೆ ಸ್ವಭಾವದಲ್ಲಿ ನಾಚಿಕೆ ಜಾಸ್ತಿ. ನಿಧಾನವಾಗಿ, ಗಂಟೆಗೆ ಐದು ಕಿಲೋಮೀಟರ್ ಹತ್ತಿರದ ವೇಗದಲ್ಲಿ, ಮೇಯುತ್ತಾ ಹೋಗುವ ಪ್ರಾಣಿ. ದೋಣಿಯ ಮುಂದೆ ಏಳುವ ಅಲೆಯ ಮೇಲೆ ಸವಾರಿ ಮಾಡುವ ಚಟ ಬೇರೆ ಡಾಲ್ಫಿನ್‌ಗಳಿಗೆ ಇದೆ, ಇದಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದೋಣಿ ಬೆನ್ನು ಹತ್ತಿದರೆ ಮುಳುಗಿ, ನೀರಿನೊಳಗೇ ದಿಕ್ಕು ಬದಲಿಸಿ, ನೀವು ಎಣಿಸದ ಕಡೆ ಏಳುತ್ತದೆ. ನಿಮ್ಮ ದಿನ ನಡೆದಿದ್ದು ಅದೇ.

ತಾರ್ಲಿ ಪ್ರೇಮಿ:

ಉಪ್ಪುನೀರು ಹೇಳಿದ್ದು ಸರಿ. ನಾನು ಅಂಕೋಲಾ ಕಡೆಯವನು, ಮನೆಯಲ್ಲಿ ದೋಣಿ ಇದೆ. ನಮಗೆ ಇವು ದಿನದ ನೆಂಟರು. ನೆಂಟರು ಅಂದರೆ ಪ್ರೀತಿಯೂ ಇದೆ, ಕಿರಿಕಿರಿಯೂ ಇದೆ ಮಾರಾಯ್ರೇ.

ಬೆಳಗಿನ ಜಾವ ಗಾಳಿ ಇಲ್ಲದಾಗ ಸಮುದ್ರ ಎಣ್ಣೆ ಹೊಯ್ದ ಹಾಗಿರುತ್ತದೆ. ಆಗ ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳುತ್ತದೆ. ‘ಪ್ಫುಸ್’ ಅಂತ ಒಂದು ಸದ್ದು. ತಲೆಯ ಮೇಲಿನ ಉಸಿರುಗಂಡಿಯಿಂದ ಗಾಳಿ ಬಿಡುವುದು ಅದು. ತೀರಾ ಪಕ್ಕದಲ್ಲಿ ಬಿಟ್ಟರೆ ಮೀನು ಕೊಳೆತ ವಾಸನೆ ಮುಖಕ್ಕೆ ಹೊಡೆಯುತ್ತದೆ, ಫೋಟೋದಲ್ಲಿ ಬರದ ವಿಷಯ ಇದು! ಒಂದೆರಡು ಉಸಿರು ತೆಗೆದುಕೊಂಡು ಮುಳುಗಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಮತ್ತೆ ಮೇಲೆ. ಮರಿ ಇದ್ದರೆ ತಾಯಿಯ ಪಕ್ಕೆಗೆ ಅಂಟಿಕೊಂಡೇ ಏಳುತ್ತದೆ, ತಾಯಿಗಿಂತ ಒಂದು ಉಸಿರು ಜಾಸ್ತಿ ತೆಗೆದುಕೊಳ್ಳುತ್ತದೆ.

ಏನು ತಿನ್ನುತ್ತದೆ ಅಂದರೆ ನಾವು ತಿನ್ನುವುದನ್ನೇ. ದಂಡೆ ಹತ್ತಿರದ ಮೀನು. ತಾರ್ಲಿ, ಕಲ್ಲೂರು, ಅಳಿವೆಯ ಬಾಯಿಗೆ ಬರುವ ಮೀನುಗಳು. ಬೀಡುಬಲೆ ಬಿಟ್ಟು ಕೂತಿದ್ದರೆ ಬಲೆಗೆ ಬಿದ್ದ ಮೀನನ್ನೇ ಕಿತ್ತುಕೊಂಡು ಹೋಗುತ್ತದೆ. ಮೀನಿನ ತಲೆ ಮಾತ್ರ ಬಲೆಯಲ್ಲಿ, ಮೈ ಇಲ್ಲ. ಬಲೆಯೂ ಹರಿಯುತ್ತದೆ. ಹರಿದ ಬಲೆ ಹೆಣೆಯುವುದಕ್ಕೆ ಒಂದು ದಿನದ ದುಡಿಮೆ ಹೋಗುತ್ತದೆ, ಆ ಲೆಕ್ಕ ಪ್ರವಾಸಿಗರಿಗೆ ಗೊತ್ತಿರುವುದಿಲ್ಲ. ಹಾಗಂತ ನಮ್ಮ ಕಡೆ ಯಾರೂ ಇದನ್ನು ಬೇಕಂತ ಹೊಡೆಯುವುದಿಲ್ಲ. ತಿನ್ನುವುದೂ ಇಲ್ಲ. ಬಲೆಗೆ ಸಿಕ್ಕಿ ಸತ್ತರೆ ಮನೆಯಲ್ಲಿ ಹಿರಿಯರು ಅಪಶಕುನ ಅನ್ನುತ್ತಾರೆ.

ಇದು ಮೀನು ಹಿಡಿಯುವುದನ್ನು ಸುಮ್ನೆ ದೋಣಿ ನಿಲ್ಲಿಸಿ ನೋಡಬೇಕು. ನಾಲ್ಕೈದು ಸೇರಿ ಮೀನಿನ ಹಿಂಡನ್ನು ದಂಡೆಯ ಕಡೆಗೆ, ಇಲ್ಲ ಬಂಡೆಯ ಕಡೆಗೆ ಒತ್ತಿ ತರುತ್ತವೆ. ಮೀನು ನೀರಿಂದ ಚಿಮ್ಮುತ್ತದೆ, ಮೇಲಿಂದ ಹದ್ದು, ಕಡಲಹಕ್ಕಿ ಎರಗುತ್ತವೆ. ಕೈರಂಪಣಿ, ಅಂದರೆ ದಂಡೆಯಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ, ಅದನ್ನು ಎಳೆಯುವವರು ಅದನ್ನು ನೋಡಿಯೇ ‘ಮೀನು ಬಂತು’ ಅಂತ ಹಗ್ಗಕ್ಕೆ ಓಡುವುದೂ ಉಂಟು.

ಬಯಲುಸೀಮೆ ಬಾಬು:

ಆಹಾ, ಇಬ್ಬರಿಗೂ ಧನ್ಯವಾದ. ಭಾಮೈದನಿಗೆ ಕಳಿಸಿದೆ, ‘ತಿಮಿಂಗಿಲದ ಗುಂಪೇ ಅಂತ ಅವರೇ ಒಪ್ಪಿದ್ದಾರಲ್ಲ’ ಅಂತ ಮೀಸೆ ತಿರುವುತ್ತಿದ್ದಾನೆ.

ಮಗಳದ್ದು ಇನ್ನೂ ಮೂರು ಪ್ರಶ್ನೆ. ನೀರು ಅಷ್ಟು ರಾಡಿ ಇತ್ತು, ಅದರೊಳಗೆ ಅದಕ್ಕೆ ಮೀನು ಹೇಗೆ ಕಾಣುತ್ತದೆ? ರಾತ್ರಿ ಎಲ್ಲಿ ಮಲಗುತ್ತದೆ? ಗುಲಾಬಿ ಬಣ್ಣದ ಡಾಲ್ಫಿನ್ ಅಂತ ಒಂದು ವಿಡಿಯೋ ನೋಡಿದ್ದಾಳೆ, ಅದಕ್ಕೂ ಡುಬ್ಬ ಇತ್ತಂತೆ, ಅದೂ ಇದೇನಾ?

ಉಪ್ಪುನೀರು:

ಮಗಳ ಮೂರನೇ ಪ್ರಶ್ನೆ ಚೆನ್ನಾಗಿದೆ, ಅದರಿಂದಲೇ ಶುರು ಮಾಡುತ್ತೇನೆ. ಗುಲಾಬಿ ಬಣ್ಣದ್ದು ಇದರ ದಾಯಾದಿ. ಹಾಂಗ್‌ಕಾಂಗ್, ದಕ್ಷಿಣ ಚೀನಾ, ಆಗ್ನೇಯ ಏಷ್ಯಾದ ಕಡೆ ಇರುವ ಸೂಸಾ ಚೈನೆನ್ಸಿಸ್. ಹುಟ್ಟುವಾಗ ಕಪ್ಪು ಬೂದು, ಬೆಳೆದಂತೆ ಬಣ್ಣ ಕಳೆದುಕೊಂಡು ಬಿಳಿ, ಗುಲಾಬಿ ಆಗುತ್ತದೆ. ಆ ಗುಲಾಬಿ ಚರ್ಮದ ಸ್ವಂತ ಬಣ್ಣ ಅಲ್ಲ, ಚರ್ಮದ ಕೆಳಗಿನ ರಕ್ತನಾಳಗಳದ್ದು. ತಮಾಷೆ ಏನೆಂದರೆ ಅದಕ್ಕೆ ಡುಬ್ಬ ಇಲ್ಲವೇ ಇಲ್ಲ ಅನ್ನಬೇಕು, ರೆಕ್ಕೆಯ ಬುಡ ಅಗಲ ಅಷ್ಟೇ. ನಿಜವಾದ ಡುಬ್ಬ ಇರುವುದು ನಮ್ಮ ಕಡೆಯದಕ್ಕೆ. ತುಂಬಾ ವರ್ಷ ಎರಡನ್ನೂ ಒಂದೇ ಜಾತಿ ಎಂದು ಬರೆಯುತ್ತಿದ್ದರು. 2014ರಲ್ಲಿ ಮೂಳೆ, ಬಣ್ಣ, ವಂಶವಾಹಿ ಎಲ್ಲ ಹೋಲಿಸಿ ಸೂಸಾ ಕುಲವನ್ನು ನಾಲ್ಕು ಜಾತಿಯಾಗಿ ಬಿಡಿಸಿದರು. ನಮ್ಮದು ಅವುಗಳಲ್ಲಿ ಒಂದು. ಹಳೆಯ ಪುಸ್ತಕ ನೋಡಿದರೆ ಗೊಂದಲ ಆಗುವುದು ಇದಕ್ಕೇ. ಇನ್ನೊಂದು ಮಾತು, ಈ ಜಾತಿಯನ್ನು ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೇ 1829ರಲ್ಲಿ ಮೊದಲ ಸಲ ವಿವರಿಸಿದ್ದು ಮಲಬಾರ್ ಕರಾವಳಿಯಿಂದ ಸಿಕ್ಕ ಪ್ರಾಣಿಯನ್ನು ಇಟ್ಟುಕೊಂಡು. ಲೆಕ್ಕಕ್ಕೆ ನಮ್ಮ ಸಮುದ್ರದ್ದೇ ಮೂಲ ನಮೂನೆ!

ರಾಡಿ ನೀರು ಇದಕ್ಕೆ ಲೆಕ್ಕವೇ ಅಲ್ಲ. ಕಣ್ಣಿಗಿಂತ ಕಿವಿಯಿಂದ ನೋಡುವ ಪ್ರಾಣಿ. ಮೂಗಿನ ಒಳದಾರಿಯಲ್ಲಿ ಟಿಕ್ ಟಿಕ್ ಅಂತ ಚೂಪು ಸದ್ದು ಹುಟ್ಟಿಸುತ್ತದೆ. ಹಣೆಯಲ್ಲಿ ಕೊಬ್ಬಿನ ಉಂಡೆ ಇದೆ, ಅದು ಸದ್ದನ್ನು ಒಟ್ಟುಗೂಡಿಸಿ ಮುಂದಕ್ಕೆ ಬಿಡುತ್ತದೆ. ಸದ್ದು ಮೀನಿಗೆ ಬಡಿದು ವಾಪಸ್ ಬರುತ್ತದೆ. ಅದನ್ನು ಹಿಡಿಯುವುದು ಕೆಳದವಡೆ, ಅಲ್ಲಿಂದ ಒಳಕಿವಿಗೆ. ಮೀನು ಎಷ್ಟು ದೂರ, ಎಷ್ಟು ದೊಡ್ಡದು, ಯಾವ ಕಡೆ ಓಡುತ್ತಿದೆ, ಎಲ್ಲ ಗೊತ್ತಾಗುತ್ತದೆ. ಜೊತೆಗೆ ಕಲ್ಲೂರಿನಂಥ ಮೀನುಗಳು ತಾವೇ ಗೊರ್ ಗೊರ್ ಅಂತ ಸದ್ದು ಮಾಡುತ್ತವೆ. ಇಂಥ ಬೇಟೆಗಾರ ಹತ್ತಿರ ಇರುವಾಗ ಅದು ದೊಡ್ಡ ಮೂರ್ಖತನ.

ಇದು ಗೊತ್ತಾದ ಮೇಲೆ ನಿಮ್ಮ ಐದು ದೋಣಿಗಳ ಕಥೆ ಇನ್ನೊಮ್ಮೆ ಯೋಚಿಸಿ. ಸದ್ದಿನಿಂದಲೇ ದಾರಿ, ಊಟ, ಮರಿ ಎಲ್ಲ ಹುಡುಕುವ ಪ್ರಾಣಿಯ ಸುತ್ತ ಐದು ಎಂಜಿನ್ ಕಿರುಚುತ್ತಿವೆ. ಓಡದೆ ಇನ್ನೇನು ಮಾಡೀತು.

ನಿದ್ದೆ ಎಂದರೆ ನಮ್ಮ ಹಾಗೆ ಮಲಗುವುದಿಲ್ಲ. ಡಾಲ್ಫಿನ್‌ಗೆ ಉಸಿರಾಟ ತಾನಾಗಿ ನಡೆಯುವುದಲ್ಲ, ಪ್ರತಿ ಸಲವೂ ಅದೇ ಮೇಲೆ ಬಂದು ತೆಗೆದುಕೊಳ್ಳಬೇಕು. ಪೂರ್ತಿ ನಿದ್ದೆ ಹೋದರೆ ಮುಳುಗಿ ಸಾಯುತ್ತದೆ. ಹಾಗಾಗಿ ಮಿದುಳಿನ ಒಂದು ಅರ್ಧ ಮಲಗಿದರೆ ಇನ್ನೊಂದು ಅರ್ಧ ಎಚ್ಚರ, ಆಮೇಲೆ ಪಾಳಿ ಬದಲು. ಬಲೆಗೆ ಸಿಕ್ಕರೆ ಬದುಕದಿರುವುದಕ್ಕೂ ಇದೇ ಕಾರಣ. ಗಾಯದಿಂದ ಅಲ್ಲ, ಮೇಲೆ ಬರಲಾಗದೆ ಉಸಿರು ಕಟ್ಟಿ ಸಾಯುತ್ತದೆ.

ಆಯಸ್ಸು ನಲವತ್ತು ವರ್ಷ ದಾಟುತ್ತದೆ. ಆದರೆ ಸಂಸಾರ ತುಂಬಾ ನಿಧಾನ. ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು ಹತ್ತು ವರ್ಷದ ಹತ್ತಿರ. ಹೊಟ್ಟೆಯಲ್ಲಿ ಹತ್ತರಿಂದ ಹನ್ನೆರಡು ತಿಂಗಳು. ಹುಟ್ಟುವುದು ಒಂದೇ ಮರಿ, ಸುಮಾರು ಒಂದು ಮೀಟರ್ ಉದ್ದ, ಹೊಟ್ಟೆಯಲ್ಲಿ ಮಡಚಿಕೊಂಡು ಇದ್ದ ಗೆರೆಗಳು ಮೈಮೇಲೆ ಕೆಲ ಕಾಲ ಉಳಿದಿರುತ್ತವೆ. ಮರಿ ಮೂರ್ನಾಲ್ಕು ವರ್ಷ ತಾಯಿಯ ಜೊತೆಯೇ ಇರುತ್ತದೆ ಎಂದು ದಕ್ಷಿಣ ಆಫ್ರಿಕಾದ ಅಲ್ಗೋವಾ ಕೊಲ್ಲಿಯಲ್ಲಿ ನೋಡಿದ್ದಾರೆ. ಅಲ್ಲಿ ಎರಡು ಮರಿಗಳ ನಡುವೆ ಮೂರು ವರ್ಷ ಅಂತರ. ಅಂದರೆ ಒಂದು ಬೆಳೆದ ಹೆಣ್ಣು ಬಲೆಗೆ ಸಿಕ್ಕಿ ಸತ್ತರೆ ಆ ಜಾಗ ತುಂಬಲು ಹತ್ತಾರು ವರ್ಷ ಬೇಕು.

ಅಬುಧಾಬಿ ಕನ್ನಡಿಗ:

ನಾನೂ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಅಬುಧಾಬಿಯ ಸಮುದ್ರದಲ್ಲಿಯೂ ಇದೇ ಜಾತಿ ಇದೆ. ದಂಡೆಯ ರಸ್ತೆಯಲ್ಲಿ ಸಂಜೆ ವಾಕ್ ಹೋದಾಗ ಎಷ್ಟೋ ಸಲ ಕಾಣುತ್ತದೆ, ಹಿಂದುಗಡೆ ಗಗನಚುಂಬಿ ಕಟ್ಟಡ, ಮುಂದೆ ಡುಬ್ಬದ ಬೆನ್ನು. ಇಲ್ಲಿ ಎಣಿಕೆ ಮಾಡಿದವರು ಸುಮಾರು 700 ಇವೆ ಅಂದಿದ್ದಾರೆ, ಈ ಜಾತಿಯಲ್ಲಿ ಗೊತ್ತಿರುವ ದೊಡ್ಡ ಗುಂಪುಗಳಲ್ಲಿ ಇದೇ ಮೊದಲು. ಜಗತ್ತಿನಲ್ಲೇ ದೊಡ್ಡದು ಅಂದರೂ 700, ಯೋಚನೆ ಮಾಡಿ.

ಬಾಬು ಅವರೇ, ನಿಮ್ಮ ಫೋಟೋದಲ್ಲಿ ರೆಕ್ಕೆ ಹರಿದ ಹಾಗಿದೆ ಅಂದಿರಲ್ಲ, ಅದನ್ನು ಅಳಿಸಬೇಡಿ. ಎಣಿಕೆ ಮಾಡುವುದೇ ಆ ಕಚ್ಚುಗಳನ್ನು ಹಿಡಿದು. ಒಂದೊಂದರ ರೆಕ್ಕೆಯ ಅಂಚಿನಲ್ಲಿ ಒಂದೊಂದು ತರ ಕಚ್ಚು, ಗೀರು, ಬಿಳಿ ಕಲೆ ಇರುತ್ತದೆ. ಬಲೆಯ ದಾರ ಕೊಯ್ದದ್ದು, ಶಾರ್ಕ್ ಕಚ್ಚಿದ್ದು, ತಮ್ಮತಮ್ಮಲ್ಲೇ ಹಲ್ಲು ಗೀರಿದ್ದು. ಎಡಗಡೆ, ಬಲಗಡೆ ಫೋಟೋ ತೆಗೆದು ಒಂದೊಂದಕ್ಕೂ ನಂಬರ್ ಕೊಡುತ್ತಾರೆ. ಮುಂದಿನ ವರ್ಷ ಅದೇ ಕಚ್ಚು ಇನ್ನೊಂದು ಕೊಲ್ಲಿಯಲ್ಲಿ ಕಂಡರೆ ಅದು ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಎಂದು ಗೊತ್ತಾಗುತ್ತದೆ. ದಿನಾಂಕ, ಜಾಗ ಸೇರಿಸಿ ಇಟ್ಟುಕೊಳ್ಳಿ.

ಮಗಳಿಗೆ ಹಾರುವ ಡಾಲ್ಫಿನ್ನೇ ಬೇಕೆಂದರೆ ಸ್ಪಿನ್ನರ್ ಅಂತ ಬೇರೆ ಜಾತಿ ಇದೆ. ಮಸ್ಕತ್ ಕಡೆ ಡಾಲ್ಫಿನ್ ನೋಡಲು ಹೋದರೆ ಸಿಗುವುದು ಅದೇ. ನೀರಿಂದ ಮೇಲೆದ್ದು ಗಾಳಿಯಲ್ಲಿ ಬುಗುರಿ ತಿರುಗುತ್ತದೆ, ನೂರಾರು ಒಟ್ಟಿಗೆ. ಅದು ಆಳ ನೀರಿನ ಪ್ರಾಣಿ. ನಮ್ಮ ಕರ್ನಾಟಕದಲ್ಲಿ ದಂಡೆ ಪಕ್ಕದ ದೋಣಿಯಲ್ಲಿ ಕೂತು ಅದನ್ನು ಕೇಳಿದರೆ ದೋಣಿಯವರು ಎಲ್ಲಿಂದ ತರಬೇಕು?

ತಾರ್ಲಿ ಪ್ರೇಮಿ:

@ಅಬುಧಾಬಿ ಕನ್ನಡಿಗ, ಎಲ್ಲಿಂದ ತರಬೇಕು ಅನ್ನುವ ಪ್ರಶ್ನೆ ಅಲ್ಲ ಅಣ್ಣಾ, ‘ಹಾರದಿದ್ದರೆ ದುಡ್ಡು ವಾಪಸ್’ ಅನ್ನುವ ಗಿರಾಕಿಗಳೂ ಇದ್ದಾರೆ. ದೋಣಿಯವರು ಅಟ್ಟಿಸಿಕೊಂಡು ಹೋಗುವುದು ತಪ್ಪು, ಒಪ್ಪುತ್ತೇನೆ. ಆದರೆ ದೋಣಿಯಲ್ಲಿ ಕೂತವರೇ ‘ಇನ್ನೂ ಹತ್ತಿರ, ಇನ್ನೂ ಹತ್ತಿರ’ ಅಂತ ಕಿರುಚುತ್ತಾರೆ. ಒಬ್ಬನಾದರೂ ‘ಎಂಜಿನ್ ನಿಲ್ಲಿಸಿ, ಇಲ್ಲೇ ಕಾಯೋಣ’ ಅಂದರೆ ಡೀಸೆಲ್ ಉಳಿಯಿತು ಅಂತ ದೋಣಿಯವನಿಗೂ ಖುಷಿ. ನಾನು ನೋಡಿದಂತೆ, ನಿಲ್ಲಿಸಿ ಕೂತ ದೋಣಿಯ ಪಕ್ಕಕ್ಕೆ ಅವೇ ಬರುತ್ತವೆ.

ಮತ್ತೆ ಎಲ್ಲಾ ತಪ್ಪು ಬಲೆಯದ್ದು ಅಂತಲೂ ಬರೆಯಬೇಡಿ. ನಮ್ಮ ಟ್ರಾಲಿಂಗ್, ಅಂದರೆ ಯಂತ್ರದ ದೋಣಿಯಿಂದ ಬಲೆ ಎಳೆಯುವ ಮೀನುಗಾರಿಕೆ, ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಬಂದ್. ಬಂದರು ಕಟ್ಟುವವರಿಗೆ, ಹೂಳೆತ್ತುವವರಿಗೆ, ಕೊಳಚೆ ಬಿಡುವವರಿಗೆ ಯಾವ ರಜೆ ಇದೆ? ಹೊನ್ನಾವರದ ಕಾಸರಕೋಡಿನಲ್ಲಿ ಮೀನುಗಾರರು ಬಂದರಿನ ವಿರುದ್ಧ ಬೀದಿಗೆ ಇಳಿದದ್ದು ಪೇಪರಿನಲ್ಲಿ ಬಂದಿತ್ತಲ್ಲ. ಡಾಲ್ಫಿನ್‌ಗೆ ಬೇಕಾದದ್ದೂ ದಂಡೆ ಪಕ್ಕದ ಅದೇ ನಾಲ್ಕು ಮಾರು ನೀರು, ನಮಗೆ ಬೇಕಾದದ್ದೂ ಅದೇ.

ಉಪ್ಪುನೀರು:

ಆ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆಳ ಸಮುದ್ರದ ಡಾಲ್ಫಿನ್‌ಗೆ ಇಲ್ಲಿ ತೊಂದರೆಯಾದರೆ ಇನ್ನೂರು ಕಿಲೋಮೀಟರ್ ಆಚೆ ಹೋಗುತ್ತದೆ. ಇದಕ್ಕೆ ಆಚೆ ಅನ್ನುವುದೇ ಇಲ್ಲ. ಸುಲಭವಾಗಿ ಕಾಣುತ್ತದೆ ಅಂತ ಬೇಕಾದಷ್ಟಿವೆ ಅಂದುಕೊಳ್ಳುತ್ತೇವೆ. ಕಾಣುವುದು ನಮ್ಮ ಪಕ್ಕದಲ್ಲೇ ಇರುವುದರಿಂದ, ಜಾಸ್ತಿ ಇರುವುದರಿಂದ ಅಲ್ಲ. ಅಳಿವಿನ ಅಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನವರು 2017ರ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯದಲ್ಲಿರುವ ಜಾತಿ ಎಂದೇ ಸೇರಿಸಿದರು. ದೊಡ್ಡ ಕಾರಣ ಬಲೆಗೆ ಸಿಕ್ಕಿ ಸಾಯುವುದು, ಅದನ್ನು ಮುಚ್ಚಿಡಲು ಆಗುವುದಿಲ್ಲ. ಬಂದರು, ಕೊಳಚೆ ಅದರ ಮೇಲಿನ ಬರೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದು ಮೊದಲ ಷೆಡ್ಯೂಲಿನಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ.

ಬಾಬು ಅವರೇ, ಇನ್ನೊಂದು ಉಪಯೋಗದ ವಿಷಯ. ಯಾವತ್ತಾದರೂ ದಂಡೆಗೆ ಜೀವಂತ ಡಾಲ್ಫಿನ್ ಬಂದು ಬಿದ್ದದ್ದು ಕಂಡರೆ ಬಾಲ ಹಿಡಿದು ಎಳೆಯಬೇಡಿ, ಸಮುದ್ರಕ್ಕೆ ದಬ್ಬಲೂ ಹೋಗಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರು ಬರುವವರೆಗೆ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಮೈಗೆ ನೀರು ಹಾಕುತ್ತಿರಿ, ಆದರೆ ತಲೆಯ ಮೇಲಿನ ಉಸಿರುಗಂಡಿಯನ್ನು ಮುಚ್ಚಬಾರದು, ಅದಕ್ಕೆ ನೀರೂ ಹೋಗಬಾರದು. ಸೆಲ್ಫಿಗೆ ಸೇರುವ ಜನರನ್ನು ದೂರ ಇಡುವುದೇ ಅಲ್ಲಿ ಅರ್ಧ ಕೆಲಸ.

ಬಯಲುಸೀಮೆ ಬಾಬು:

ಸಂಕ್ರಾಂತಿ ರಜೆಗೆ ಮತ್ತೆ ಕರೆದುಕೊಂಡು ಹೋಗು ಅಂತ ಮಗಳು ಈಗಲೇ ಗಂಟುಬಿದ್ದಿದ್ದಾಳೆ. ಈ ಸಲ ಕಾರವಾರಕ್ಕೆ ಹೋಗೋಣ ಅಂತಿದ್ದೇವೆ. ದೋಣಿ ಹತ್ತದೆ ದಂಡೆಯಿಂದಲೇ ನೋಡಬಹುದಾ? ಯಾವ ಹೊತ್ತು ಒಳ್ಳೆಯದು?

ತಾರ್ಲಿ ಪ್ರೇಮಿ:

ಧಾರಾಳವಾಗಿ ನೋಡಬಹುದು. ಬೆಳಿಗ್ಗೆ ಬೇಗ ಹೋಗಿ, ಗಾಳಿ ಏಳುವ ಮುಂಚೆ. ಹತ್ತು ಗಂಟೆಯ ಮೇಲೆ ತೆರೆ ಎದ್ದರೆ ಬೆನ್ನು ಯಾವುದು, ಅಲೆ ಯಾವುದು ಗೊತ್ತಾಗುವುದಿಲ್ಲ. ಕಾಳಿ ಅಳಿವೆಯ ಕಡೆ ಸ್ವಲ್ಪ ಎತ್ತರದಲ್ಲಿ ಕೂತುಕೊಳ್ಳಿ, ಭರತ ಇಳಿತ ಬದಲಾಗುವ ಹೊತ್ತಿಗೆ ಮೀನು ಓಡಾಡುತ್ತದೆ, ಹಿಂದೆಯೇ ಇವೂ ಬರುತ್ತವೆ. ಒಂದು ಬೈನಾಕ್ಯುಲರ್ ಇದ್ದರೆ ಸಾಕು. ಹಕ್ಕಿ ಎಲ್ಲಿ ಮುಗಿಬೀಳುತ್ತಿವೆ ನೋಡಿ, ಅಲ್ಲಿಗೆ ಬೈನಾಕ್ಯುಲರ್ ತಿರುಗಿಸಿ. ಭಾಮೈದನನ್ನೂ ಕರೆದುಕೊಂಡು ಬನ್ನಿ, ತಾರ್ಲಿ ಫ್ರೈ ನಮ್ಮ ಮನೆಯಲ್ಲಿ.